ಹೋಯಾ ಬಳ್ಳಿಯ ಒಣ ತೊಟ್ಟುಗಳು

ಹೊಲಿಗೆಯವಳ ಕೈಗೆ ಕತ್ತರಿ ಕೊಟ್ಟು ಸುಮ್ಮನಿರು ಅಂದರೆ ಇರುತ್ತಾಳೆಯೇ? ಬಟ್ಟೆಯಲ್ಲಿ ಒಂದೆಳೆ ನೂಲು ಜೋತಾಡಿದರೂ ಈ ಸೊಸೆಗೆ ತಡೆಯದು, ಚಕ್ಕನೆ ಕತ್ತರಿಸಿಬಿಡಬೇಕು. ಅವಳ ಹೊಲಿಗೆಗೆ ಹೆಸರು ಬಂದದ್ದೇ ಈ ಚೊಕ್ಕತನದಿಂದ. ಕಿಟಕಿಯ ಕುಂಡದಲ್ಲಿದ್ದ ಅತ್ತೆಯ ಹೋಯಾ ಹೂಬಳ್ಳಿಗೂ ಅವಳು ಅದನ್ನೇ ಮಾಡಿದಳು.

ಮಂಡಿ ಆಪರೇಷನ್ನಿಗೆ ಆಸ್ಪತ್ರೆಗೆ ಹೊರಡುವಾಗ ಅತ್ತೆ ಹೇಳಿದ್ದು ಎರಡೇ ಮಾತು: “ಮಣ್ಣು ಒಣಗಿದ ಮೇಲೆ ನೀರು ಹಾಕು. ಕಿಟಕಿಯಿಂದ ಕದಲಿಸಬೇಡ.” ಸೊಸೆ ಮನೆಗೆ ಬಂದು ವರ್ಷವಾಗಿತ್ತು. ಅತ್ತೆ ನಂಬಿ ಅವಳ ಕೈಗೆ ಒಪ್ಪಿಸಿದ ಮೊದಲ ವಸ್ತು ಈ ಬಳ್ಳಿ. ಮೇಣದಲ್ಲಿ ಅಚ್ಚು ಹಾಕಿದಂಥ ಹೂಗೊಂಚಲುಗಳು ಉದುರಿದ ಮೇಲೆ ಅಲ್ಲಲ್ಲಿ ಒಣ ತೊಟ್ಟುಗಳು ಉಳಿದವು. ಛೆ, ಎಂಥ ಅವಲಕ್ಷಣ! ಸೊಸೆ ಒಂದನ್ನೂ ಬಿಡದೆ ಬುಡಕ್ಕೇ ಕತ್ತರಿಸಿದಳು.

ಮರುದಿನ ಪ್ಯಾಂಟು ಗಿಡ್ಡ ಮಾಡಿಸಲು ಬಂದ ನರ್ಸರಿಯವನು ಕಿಟಕಿ ನೋಡಿ ಹೌಹಾರಿದ. “ಅಯ್ಯೋ ತಾಯೀ! ಹೋಯಾ ಪ್ರತಿ ಸಲ ಅದೇ ತೊಟ್ಟಲ್ಲೇ ಹೂ ಬಿಡೋದು. ಅದಕ್ಕೇ ಕತ್ತರಿ ಹಾಕಿದ್ದೀರಲ್ಲ!”

ಅತ್ತೆ ಮನೆಗೆ ಬರುವವರೆಗಿನ ನಾಲ್ಕು ದಿನವೂ ಸೊಸೆಗೆ ಅದೇ ಚಿಂತೆ. ಇನ್ನು ಅತ್ತೆ ತನ್ನನ್ನು ಯಾವುದಕ್ಕಾದರೂ ನಂಬಿಯಾರೇ? “ಬೆಕ್ಕು ಕಚ್ಚಿತು ಅಂದುಬಿಡು,” ಎಂದ ಗಂಡ ಮಹಾಶಯ. ಮನೆಯಲ್ಲಿ ಬೆಕ್ಕಾದರೂ ಎಲ್ಲಿತ್ತು!

ಅತ್ತೆ ಕೋಲೂರಿಕೊಂಡು ಒಳಗೆ ಬಂದು ಕೂರುವ ಮೊದಲೇ ಸೊಸೆ ಬಾಯಿಬಿಟ್ಟಳು. “ಅತ್ತೆ, ನಿಮ್ಮ ಬಳ್ಳಿ ಹಾಳು ಮಾಡಿಬಿಟ್ಟೆ. ಚೆನ್ನಾಗಿ ಕಾಣಲಿ ಅಂತ ತೊಟ್ಟೆಲ್ಲ ನಾನೇ ಕತ್ತರಿಸಿದೆ.”

ಅತ್ತೆ ಕಿಟಕಿಯ ಹತ್ತಿರ ಹೋಗಿ, ಎಲೆ ಸರಿಸಿ, ಕತ್ತರಿಸಿದ ಜಾಗಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

“ಬಳ್ಳಿ ಗಟ್ಟಿ ಇದೆ. ಹೊಸ ಕುಡಿ ಬಂದರೆ ಹೊಸ ತೊಟ್ಟೂ ಬರುತ್ತೆ, ಸ್ವಲ್ಪ ಕಾಯಬೇಕು ಅಷ್ಟೆ,” ಎಂದ ಅತ್ತೆ ದನಿ ತಗ್ಗಿಸಿದರು. “ನಾನೂ ಒಂದು ಸಲ ಹೀಗೇ ಕತ್ತರಿಸಿದ್ದೆ ಕಣೇ. ಹೂ ಬಿಡದಿದ್ದಾಗ, ಮಣ್ಣಲ್ಲಿ ಸತ್ವ ಇಲ್ಲ ಅಂತ ನಿಮ್ಮ ಮಾವನ ಹತ್ತಿರ ಎರಡು ವರ್ಷ ಸುಳ್ಳು ಹೇಳಿದೆ. ನೀನು ನೋಡು, ನನ್ನ ಕೂರೋಕೂ ಬಿಡದೆ ಹೇಳಿಬಿಟ್ಟೆ. ಇನ್ಮೇಲೆ ಇದನ್ನ ನೀನೇ ನೋಡ್ಕೋ.”

ಅಬ್ಬಾ! ಸೊಸೆಗೆ ಹೋದ ಜೀವ ಬಂದಂತಾಯಿತು. ಅಳುವೂ ನಗುವೂ ಒಟ್ಟಿಗೇ ನುಗ್ಗಿದವು.

ಆಸ್ಪತ್ರೆಯ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದ ಮಾವ ಕೆಮ್ಮಿದರು.

“ಹಾಗಾದ್ರೆ ಆ ಎರಡು ವರ್ಷ ನಾನು ಊರೆಲ್ಲ ಅಲೆದು ಗೊಬ್ಬರ ಹೊತ್ತು ತಂದದ್ದು?”

ಅತ್ತೆ ಸೊಸೆಯ ಭುಜ ಹಿಡಿದುಕೊಂಡರು; ಇಬ್ಬರೂ ಬಿದ್ದು ಬಿದ್ದು ನಕ್ಕರು.