ಚಿಕ್ಕಮ್ಮನ ದನಿಗೆ ಬೇಕಾದ ನೀರು

ನನ್ನ ಚಿಕ್ಕಮ್ಮ ಮೂವತ್ತೊಂದು ವರ್ಷ ಆಸ್ಪತ್ರೆಯೊಂದರ ಬಾಯ್ಲರ್ ಕೋಣೆಯಲ್ಲಿ ನೀರು ಪರೀಕ್ಷೆ ಮಾಡಿದವಳು. ಅಲ್ಲಿಯವರಿಗೆಲ್ಲ ಅವಳು ನೀರಕ್ಕ. ನಾನು ಕಂಪ್ಯೂಟರ್ ಜೋಡಿಸಿ ಮಾರುವವನು. ನೀರಿನಿಂದ ತಣ್ಣಗಾಗುವ ಕಂಪ್ಯೂಟರನ್ನು ನನ್ನಷ್ಟು ಅಂದವಾಗಿ ಜೋಡಿಸುವವರು ಸುತ್ತಮುತ್ತ ಯಾರೂ ಇಲ್ಲವೆಂದು ನಂಬಿಕೊಂಡವನು. ಹೀಗಿದ್ದೂ, ಅವುಗಳಿಗೆ ತುಂಬುವ ನೀರಿನ ಬಗ್ಗೆ ಚಿಕ್ಕಮ್ಮನನ್ನು ಒಂದು ಮಾತು ಕೇಳಬೇಕೆಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆಯಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತು ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಹೋದ ವರ್ಷ ಅವಳ ಮಾತು ತೊದಲತೊಡಗಿತು. ನರಗಳ ಕಾಯಿಲೆ, ವಾಸಿಯಾಗುವಂಥದ್ದಲ್ಲ, ಆರೇಳು ತಿಂಗಳಲ್ಲಿ ದನಿ ಪೂರ್ತಿ ಹೋಗುತ್ತದೆ ಎಂದರು ಆಸ್ಪತ್ರೆಯವರು. ಮಾತಿನ ತರಬೇತಿ ಕೊಡುವ ಡಾಕ್ಟರಮ್ಮ ಒಂದು ದಾರಿ ತೋರಿಸಿದರು. ದನಿ ಇರುವಾಗಲೇ ಸಾವಿರದ ಆರುನೂರು ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿಟ್ಟರೆ ಕಂಪ್ಯೂಟರ್ ಆ ದನಿಯನ್ನು ಕಲಿಯುತ್ತದೆ, ತೊದಲನ್ನು ತಿದ್ದಿಕೊಳ್ಳುತ್ತದೆ. ಆಮೇಲೆ ಚಿಕ್ಕಮ್ಮ ಟೈಪ್ ಮಾಡಿದ್ದನ್ನೆಲ್ಲ ಅವಳದೇ ದನಿಯಲ್ಲಿ ಹೇಳುತ್ತದೆ. ಷರತ್ತು ಒಂದೇ. ರೆಕಾರ್ಡಿಂಗಿನಲ್ಲಿ ಗುಂಯ್ ಎನ್ನುವ ಸದ್ದು ಸೇರಕೂಡದು. ಸೇರಿದರೆ ಅದೂ ಅವಳ ದನಿಯೇ ಎಂದು ಯಂತ್ರ ಕಲಿತುಬಿಡುತ್ತದೆ.

ಚಿಕ್ಕಮ್ಮನ ಮನೆಯಲ್ಲಿ ಬಾಗಿಲು ಮುಚ್ಚಬಹುದಾದ ಕೋಣೆ ಒಂದೇ. ಮಂಚ, ಮೈಕು, ಕಂಪ್ಯೂಟರ್ ಎಲ್ಲ ಅಲ್ಲೇ ಇರಬೇಕು. ಫ್ಯಾನುಗಳ ಗದ್ದಲವಿಲ್ಲದ ಯಂತ್ರವನ್ನು ನಾನು ಮಾಡಿಕೊಡುತ್ತೇನೆಂದೆ. ಪ್ರೊಸೆಸರಿನ ತಲೆಯ ಮೇಲೊಂದು ತಾಮ್ರದ ಬಿಲ್ಲೆ, ಅದರೊಳಗೆ ಕೂದಲಿನಷ್ಟು ಸಣ್ಣ ಸಂದುಗಳು. ಪಂಪು ತಳ್ಳಿದ ನೀರು ಆ ಸಂದುಗಳಲ್ಲಿ ಹರಿದು, ಬಿಸಿಯನ್ನು ಹೊತ್ತುಕೊಂಡು ರೇಡಿಯೇಟರಿಗೆ ಹೋಗಿ, ತಣ್ಣಗಾಗಿ ಮರಳುತ್ತದೆ. ಹೊಸತರಲ್ಲಿ ಅದು ಎಷ್ಟು ಸದ್ದಿಲ್ಲದೆ ನಡೆಯಿತೆಂದರೆ, ಚಿಕ್ಕಪ್ಪ ಎರಡು ಸಲ ಬಂದು "ಕರೆಂಟ್ ಇದೆಯೇನೋ?" ಎಂದು ಕೇಳಿದರು. ನಾನು ಉಬ್ಬಿಹೋದೆ.

ನೀರಿಗೆ ಬೆರೆಸಲೆಂದು ಅಂಗಡಿಯಿಂದ ಕೂಲಂಟ್ ಎಂಬ ದ್ರಾವಣ ತಂದಿದ್ದೆ. ಮೂರರಲ್ಲಿ ಒಂದು ಪಾಲು ಹಾಕಿ ಎಂದು ಬಾಟಲಿಯ ಮೇಲೆ ಬರೆದಿತ್ತು. ಚಿಕ್ಕಮ್ಮ ಮಲಗುವ ಕೋಣೆ, ಅಷ್ಟೊಂದು ರಾಸಾಯನಿಕ ಯಾಕೆ, ಅತಿಯಾದರೆ ಅಮೃತವೂ ವಿಷ ಎಂದುಕೊಂಡು ಹತ್ತರಲ್ಲಿ ಒಂದು ಪಾಲು ಮಾತ್ರ ಹಾಕಿದೆ. ಅವಳ ಮೇಲಿನ ಅಕ್ಕರೆಯಿಂದಲೇ ಮಾಡಿದ್ದು.

ಚಿಕ್ಕಮ್ಮ ದಿನಾ ಬೆಳಿಗ್ಗೆ ಅರ್ಧ ಗಂಟೆ ಓದುತ್ತಿದ್ದಳು. ಅದಕ್ಕಿಂತ ಹೆಚ್ಚು ನಾಲಿಗೆ ಕೇಳುತ್ತಿರಲಿಲ್ಲ. ಐದು ವಾರಕ್ಕೆ ಐನೂರ ನಲವತ್ತು ವಾಕ್ಯ ಮುಗಿದಿತ್ತು. ಆರನೆಯ ವಾರ ಪಂಪು ನರಳತೊಡಗಿತು. ಪ್ರೊಸೆಸರ್ ಕಾದು, ಇದ್ದೊಂದು ಫ್ಯಾನು ಜೋರಾಗಿ ತಿರುಗಿತು. ರೆಕಾರ್ಡಿಂಗ್ ನಿಲ್ಲಿಸಬೇಕಾಯಿತು.

ನಾನು ಬಂದು ಬಿಲ್ಲೆಯನ್ನು ಬಿಚ್ಚಿದೆ. ಸಂದುಗಳ ತುಂಬ ಲೋಳೆ. ನನಗೆ ಅರ್ಥವಾಗಲಿಲ್ಲ, ಪಂಪು ತಯಾರಿಸಿದವರನ್ನು ಬೈದೆ, ಕೊಳವೆ ಮಾರಿದವನನ್ನು ಬೈದೆ. ಚಿಕ್ಕಮ್ಮ ಮಂಚದಿಂದ ಎದ್ದು ಬಂದು, ಆ ಲೋಳೆಯನ್ನು ಬೆರಳಲ್ಲಿ ತೆಗೆದು ತಿಕ್ಕಿ, ಮೂಸಿದಳು.

"ಎಷ್ಟು ಹಾಕಿದ್ದೆ?" ಮಾತು ಎಳೆದೆಳೆದು ಬರುತ್ತಿತ್ತು.

"ಹತ್ತರಲ್ಲಿ ಒಂದು. ಕಮ್ಮಿ ಇದ್ರೆ ಒಳ್ಳೇದು ಅಂತ."

"ಸಕ್ಕರೆ ಪಾಕ ತಿಂಗಳಾದ್ರೂ ಕೆಡಲ್ಲ. ಅದಕ್ಕೇ ನೀರು ಬೆರೆಸಿಡು, ಮೂರು ದಿನಕ್ಕೆ ಹುಳಿ. ಇದೂ ಅದೇ ಜಾತಿ ಕಣೋ. ಪೂರ್ತಿ ಹಾಕಿದ್ರೆ ಕ್ರಿಮಿ ಬದುಕಲ್ಲ. ಚೂರು ಹಾಕಿದ್ರೆ, ಕೂರಿಸಿ ಊಟ ಬಡಿಸಿದ ಹಾಗೆ."

ಬಾಯ್ಲರ್ ಕೋಣೆಯಲ್ಲಿ ಹೊಸಬರೆಲ್ಲ ಮೊದಲು ಮಾಡುವ ತಪ್ಪು ಇದೇ ಎಂದೂ ಹೇಳಿದಳು. ನಲವತ್ತು ದಾಟಿದ ನಾನು ಹೊಸಬರ ಸಾಲಿಗೆ ಸೇರಿದೆ.

ಮಾರನೆಯ ದಿನ ನನ್ನ ಮೆಚ್ಚಿನ ಕೂಲಂಟ್ ತಂದೆ. ಹಾಲಿಗೆ ತಿಳಿನೀಲಿ ಬೆರೆಸಿದಂಥ ಬಣ್ಣ. ಗಾಜಿನ ಕೊಳವೆಯಲ್ಲಿ ಹರಿಯುವಾಗ ನೋಡಿದವರು ಬೆಲೆ ಕೇಳದೆ ಯಂತ್ರ ಕೊಳ್ಳುತ್ತಾರೆ. ಈಗಲೇ ತುಂಬಿದರೆ ನಾಳೆ ಬೆಳಿಗ್ಗೆಯೇ ಓದಬಹುದೆಂದೆ. ಚಿಕ್ಕಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಅಡುಗೆಮನೆಯಿಂದ ನಾಲ್ಕು ಜಾಮಿನ ಜಾಡಿ ತರಲು ಹೇಳಿದಳು.

"ಯಾಕೆ?"

"ಹತ್ತು ದಿನ ನೋಡೋಣ."

ನನಗೆ ಸಿಟ್ಟು ನೆತ್ತಿಗೇರಿತು. ಆ ಹತ್ತು ದಿನ ಎಲ್ಲಿಂದ ತರುವುದು? ಹಿಂದಿನ ವಾರಕ್ಕಿಂತ ಈ ವಾರ ಅವಳ ಮಾತು ಮಂದವಾಗಿದ್ದುದು ನನ್ನ ಕಿವಿಗೇ ಗೊತ್ತಾಗುತ್ತಿತ್ತು. ಅವಳು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳದೆ ಕೆಲಸ ಶುರು ಮಾಡಿದಳು. ಬಿಲ್ಲೆ, ರೇಡಿಯೇಟರ್, ಕೊಳವೆಯ ತಿರುಪು, ನೀರು ಮುಟ್ಟುವ ಲೋಹಗಳೆಲ್ಲದರ ಚೂರು ಕೇಳಿದಳು. ತಾಮ್ರ, ಹಿತ್ತಾಳೆ, ನಿಕ್ಕಲ್ ಲೇಪನದ ತುಂಡು, ಬೆಸುಗೆಯ ತವರ. ಒಂದೊಂದನ್ನೂ ಬೂದಿಯಲ್ಲಿ ತಿಕ್ಕಿ ಹೊಳಪಿಸಿ, ಆಮೇಲೆ ಎಷ್ಟು ಸವೆಯಿತೆಂದು ತಿಳಿಯಲು ಬೀದಿ ಮೂಲೆಯ ಅಕ್ಕಸಾಲಿಗನ ಬಳಿ ತೂಕ ಹಾಕಿಸಿಕೊಂಡು ಬಾ ಎಂದು ನನ್ನನ್ನೇ ಅಟ್ಟಿದಳು. ತಾಮ್ರದ ಚೂರನ್ನು ಚಿನ್ನದ ತಕ್ಕಡಿಯಲ್ಲಿಟ್ಟ ಅಕ್ಕಸಾಲಿಗ, "ಮನೇಲಿ ಎಲ್ಲಾ ಸೌಖ್ಯ ತಾನೆ?" ಎಂದು ಕೇಳಿದ.

ಆಮೇಲೆ ಆ ಚೂರುಗಳನ್ನು, ಯಂತ್ರದೊಳಗೆ ಇರುವ ಹಾಗೆಯೇ ಒಂದಕ್ಕೊಂದು ತಾಗಿಸಿ, ದಾರ ಕಟ್ಟಿ ಜಾಡಿಗಳಲ್ಲಿ ಇಳಿಬಿಟ್ಟಳು. ಒಂದರಲ್ಲಿ ಬರೀ ಡಿಸ್ಟಿಲ್ಡ್ ವಾಟರ್. ಒಂದರಲ್ಲಿ ನನ್ನ ನೀಲಿ. ಮತ್ತೊಂದರಲ್ಲಿ ಹಳೆಯ ಕೂಲಂಟ್, ಈ ಸಲ ಬಾಟಲಿ ಹೇಳಿದಷ್ಟೇ. ಕೊನೆಯದಕ್ಕೆ ಡಿಸ್ಟಿಲ್ಡ್ ವಾಟರಿನಲ್ಲಿ ಎರಡೇ ಎರಡು ವಸ್ತು: ತಾಮ್ರಕ್ಕೆ ಕಿಲುಬು ಹತ್ತದಂತೆ ತಡೆಯುವ ಪುಡಿ ಅಳತೆ ಮಾಡಿ, ಪಾಚಿ ಹುಟ್ಟದಂತೆ ಮಾಡುವ ಮದ್ದು ಹನಿ ಎಣಿಸಿ. ಮೀನಿನ ತೊಟ್ಟಿಗೆ ಹಾಕುವ ಹೀಟರ್ ತರಿಸಿ, ಯಂತ್ರದೊಳಗಿನಷ್ಟೇ ಬಿಸಿ ಇರಲೆಂದು ಜಾಡಿಗಳನ್ನೆಲ್ಲ ಸ್ನಾನದ ಟಬ್ಬಿನ ಬಿಸಿನೀರಿನಲ್ಲಿ ಕೂರಿಸಿದಳು. ಚಿಕ್ಕಪ್ಪನ ಸ್ನಾನ ಹತ್ತು ದಿನ ಬಕೆಟ್ಟಿಗೆ ಬಂತು.

ಆರನೆಯ ದಿನ ನನ್ನಿಂದ ತಡೆಯಲಾಗಲಿಲ್ಲ. ಅವಳು ಆವತ್ತು ನನ್ನನ್ನು ಕರೆಯಲು ಹೋಗಿ ಮೂರು ಸಲ ತಡವರಿಸಿದ್ದಳು.

"ಚಿಕ್ಕಮ್ಮ, ಸಾಕು. ಯಾವುದೋ ಒಂದು ತುಂಬಿಬಿಡೋಣ. ನಿನ್ನ ದನಿ ಹೋಗ್ತಾ ಇದೆ."

"ಗೊತ್ತು. ನಂದೇ ಅಲ್ವಾ." ಸ್ವಲ್ಪ ಸುಧಾರಿಸಿಕೊಂಡಳು. "ಹತ್ತು ದಿನ ತಡೆಯುತ್ತೆ. ಯಂತ್ರ ಇನ್ನೊಂದು ಸಲ ಕೆಟ್ಟರೆ ತಡೆಯಲ್ಲ."

ಹಾಗೆಂದು ಟಬ್ಬಿನ ಬಿಸಿ ನೋಡಲು ಕೈ ಅದ್ದಿದಳು. ಕೈ ಒರೆಸಿಕೊಂಡು ಕ್ಯಾಲೆಂಡರಿನಲ್ಲಿ ಉಳಿದ ದಿನಗಳನ್ನು ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಅವಳಿಗೂ ನನ್ನಷ್ಟೇ ಹೆದರಿಕೆ ಇತ್ತು. ಇದ್ದೂ, ಜಾಡಿಯ ಮುಚ್ಚಳವನ್ನು ಒಂದು ದಿನವೂ ಮುಂಚೆ ತೆರೆಯಲಿಲ್ಲ. ನನ್ನ ಬದುಕಿನಲ್ಲಿ ಇಷ್ಟು ಧೈರ್ಯದ ಮನುಷ್ಯರನ್ನು ನಾನು ಬೇರೆ ನೋಡಿಲ್ಲ. ಆವತ್ತಿನಿಂದ ಅವಸರ ಮಾಡುವುದನ್ನು ಬಿಟ್ಟು ಅವಳ ಪಕ್ಕದಲ್ಲಿ ಕೂತು ಕಲಿತೆ.

ಹತ್ತನೆಯ ದಿನ ಜಾಡಿಗಳನ್ನು ತೆರೆದೆವು. ಬರೀ ನೀರಿನಲ್ಲಿದ್ದ ತಾಮ್ರ ಕಪ್ಪಿಟ್ಟಿತ್ತು. ನನ್ನ ನೀಲಿಯ ಬಣ್ಣವೆಲ್ಲ ತಳಕ್ಕಿಳಿದು ಕೆಸರಾಗಿತ್ತು. ಮೇಲೆ ಥಳುಕು, ಒಳಗೆ ಹುಳುಕು. ಪೂರ್ತಿ ಪಾಲಿನ ಕೂಲಂಟ್ ಕೆಟ್ಟಿರಲಿಲ್ಲ, ಆದರೆ ಮಂದ. ಅದನ್ನು ತಳ್ಳಲು ಪಂಪು ಹೆಚ್ಚು ದುಡಿಯಬೇಕು, ದುಡಿದರೆ ಸದ್ದು. ಕೊನೆಯ ಜಾಡಿಯ ಚೂರುಗಳು ಇಳಿಬಿಟ್ಟ ದಿನದಂತೆಯೇ ಹೊಳೆಯುತ್ತಿದ್ದವು. ಅಕ್ಕಸಾಲಿಗ ಎರಡು ಸಲ ತೂಗಿ, "ಒಂದು ಎಳ್ಳಿನಷ್ಟೂ ಸವೆದಿಲ್ಲ" ಎಂದ.

"ಆದ್ರೆ ನೋಡೋಕೆ ಏನೂ ಇಲ್ಲದ ಹಾಗಿದೆ," ಎಂದು ನಾನು ಗೊಣಗಿದೆ. ಹುಟ್ಟುಗುಣ.

"ನೋಡೋಕೆ ಮಾಡಿದ್ಯಾ, ಕೇಳೋಕೆ ಮಾಡಿದ್ಯಾ?"

ಇಡೀ ಯಂತ್ರವನ್ನು ಬಿಚ್ಚಿ, ತೊಳೆದು, ಅವಳ ನೀರನ್ನು ತುಂಬಿದೆ. ಹನ್ನೆರಡನೆಯ ದಿನ ಬೆಳಿಗ್ಗೆ ಐನೂರ ನಲವತ್ತೊಂದನೆಯ ವಾಕ್ಯ ಓದಿದಳು. ಆಮೇಲೆ ಯಂತ್ರ ಒಂದು ದಿನವೂ ತೊಂದರೆ ಕೊಡಲಿಲ್ಲ. ನಡುವೆ ಅರ್ಧ ಗಂಟೆ ಕಾಲು ಗಂಟೆಯಾಯಿತು, ಒಂದೊಂದು ಬೆಳಿಗ್ಗೆ ನಾಲ್ಕೇ ವಾಕ್ಯವಾಯಿತು. ಸಾವಿರದ ಆರುನೂರನೆಯದನ್ನು ಓದಿ ಮುಗಿಸಿದ ಮೂರನೆಯ ವಾರಕ್ಕೆ ದನಿ ಪೂರ್ತಿ ನಿಂತಿತು. ಒಂದು ದಿನ ಇದ್ದದ್ದು ಮರುದಿನ ಇರಲಿಲ್ಲ. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ.

ಯಂತ್ರ ಕಲಿತು ಮುಗಿಸಲು ಎರಡು ತಿಂಗಳು ಹಿಡಿಯಿತು. ಸಿದ್ಧವಾದ ದಿನ ಮಧ್ಯಾಹ್ನ ನಾನು ಹೋದಾಗ ಚಿಕ್ಕಪ್ಪ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಲೋಟ ತೊಳೆಯುತ್ತಿದ್ದರು. ಚಿಕ್ಕಮ್ಮನ ಮುಂದೆ ಕೀಬೋರ್ಡ್ ಇಟ್ಟೆ. ಮಾತಿಲ್ಲದವರ ಮುಂದೆ ಎಲ್ಲರೂ ಮಾಡುವ ಹಾಗೆ ನಾನೂ ಅವಳ ಮುಖದ ಹತ್ತಿರ ಬಗ್ಗಿ, ಒಂದೊಂದೇ ಪದ ಬಿಡಿಸಿ, ಗಟ್ಟಿಯಾಗಿ ಹೇಳಿದೆ: "ಚಿಕ್ಕಮ್ಮ, ಇಲ್ಲಿ, ಟೈಪ್, ಮಾಡು. ಗೊತ್ತಾಯ್ತಾ?"

ಅವಳು ನನ್ನ ಮುಖ ನೋಡಿ, ಒಂದೇ ಬೆರಳಲ್ಲಿ ಟೈಪ್ ಮಾಡಿದಳು. ಕೋಣೆಯಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ. ಸ್ಪೀಕರಿನಿಂದ ಅವಳ ದನಿ ಬಂತು; ಕಾಯಿಲೆಗೆ ಮುಂಚಿನದೇ ಬಿರುಸು, ಕೊನೆಯಲ್ಲಿ ಅದೇ ಹಳೆಯ ರಾಗ.

"ಕೂಗಬೇಡ. ನಂಗೆ ಹೋಗಿರೋದು ಬಾಯಿ, ಕಿವಿಯಲ್ಲ."

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಚಿಕ್ಕಪ್ಪ, ನಲವತ್ತು ವರ್ಷದ ಅಭ್ಯಾಸದಲ್ಲಿ, "ನಾನೆಲ್ಲಿ ಕೂಗಿದೆನೇ?" ಎಂದರು. ಆಮೇಲೆ ನಲ್ಲಿಯ ನೀರು ನಿಂತಿತು.