ಅಳಿಯನಿಗೆ ಪ್ರಶಸ್ತಿ

"ಹಲ್ಲು ಕಿರೀಬೇಡ್ವೇ ಕತ್ತೆಮುಂಡೆ! ಕೃತಜ್ಞತೆಯಿಂದ ನಗು ಅಂದೆ. ಕೃತಜ್ಞತೆಯಿಂದ!"

ಮೇಸ್ತ್ರಿ ತಾನೇ ನಕ್ಕು ತೋರಿಸಿದ. ಹೊಟ್ಟೆನೋವು ಬಂದವನ ಮುಖದ ಹಾಗಿತ್ತು. ಹಗ್ಗದಕ್ಕ ಅದನ್ನೇ ನೋಡಿಕೊಂಡು ಹಾಗೆಯೇ ನಕ್ಕಳು. ಮೇಸ್ತ್ರಿ ಹಣೆ ಹಣೆ ಚಚ್ಚಿಕೊಂಡ.

"ಸರಿ ಬಿಡು, ನಗಲೇಬೇಡ. ಮಾತು ಹೇಳು."

"ಈ ಯಂತ್ರ ಬಂದ ಮೇಲೆ ನನ್ನ ಗಂಡ ಗುಂಡಿಗೆ ಇಳಿಯೋದೇ ಇಲ್ಲ ಸ್ವಾಮಿ. ನಮ್ಮ ಬಾಳಿಗೆ ಬೆಳಕು ಬಂತು."

"ಬೆಳಕು ಅನ್ನೋವಾಗ ಕೈ ಎತ್ತು... ಅಷ್ಟಲ್ಲ ಕಣೇ, ಬಸ್ಸು ನಿಲ್ಲಿಸ್ತಿದೀಯಾ?"

ಗುಂಡಿಗೆ ಇಳಿಯದ ಆ ಗಂಡ ಅಲ್ಲೇ ಎರಡು ಮಾರು ದೂರದಲ್ಲಿ, ಗುಂಡಿಗೆ ಇಳಿಯಲು ಅಂಗಿ ಬಿಚ್ಚುತ್ತಿದ್ದ.

ವಿಶ್ವವಿದ್ಯಾಲಯದ ವಿಜ್ಞಾನ ಕಟ್ಟಡದ ಹಿಂದುಗಡೆ, ಹಾಸ್ಟೆಲ್ಲುಗಳ ಹೊಲಸೆಲ್ಲ ಬಂದು ಸೇರುವ ಮ್ಯಾನ್‌ಹೋಲಿನ ಪಕ್ಕ ಶಾಮಿಯಾನ ಹಾಕಿ ಕುರ್ಚಿ ಜೋಡಿಸಿದ್ದರು. ಗುಂಡಿಯ ಬಾಯಿಗೆ ಸರಿಯಾಗಿ ಪ್ರೊಫೆಸರರ ಯಂತ್ರ ನಿಂತಿತ್ತು. ಹೆಸರು 'ನಿರ್ಮಾನವ'. ಮನುಷ್ಯರು ಇಳಿಯದೆ ಗುಂಡಿ ಬಳಿಯುವ ಯಂತ್ರ ಅಂತ ಹೇಳಿ, ಆ ವರ್ಷದ ದೊಡ್ಡ ಪ್ರಶಸ್ತಿಗೆ ವಿಶ್ವವಿದ್ಯಾಲಯದವರು ಪ್ರೊಫೆಸರರನ್ನು ನಾಮಿನೇಟ್ ಮಾಡಿದ್ದರು. ತೀರ್ಪುಗಾರರು ಅದನ್ನು ಕಣ್ಣಾರೆ ನೋಡಿಹೋಗಲು ಬರುವ ದಿನ ಅದು.

ಕೂಲಿಯವರು ಮಾತ್ರ ಅದನ್ನು 'ಅಳಿಯ' ಅನ್ನುತ್ತಿದ್ದರು. ಮೈತುಂಬ ಹೊಸ ಬಣ್ಣ, ಕುಡಿಯಲು ಡೀಸೆಲ್ಲು, ಮಲಗಲು ತಗಡಿನ ಶೆಡ್ಡು, ಮುಟ್ಟಿದರೆ ಸಿಟ್ಟು. ಕೆಲಸದ ಮಾತು ಎತ್ತುವ ಹಾಗಿಲ್ಲ. ಮೊದಲ ಸಲ ಗುಂಡಿಗೆ ಬಿಟ್ಟಾಗ ತನ್ನ ಪೈಪನ್ನು ತಾನೇ ಕಚ್ಚಿಕೊಂಡು ಒದ್ದಾಡಿತ್ತು. ಎರಡನೇ ಸಲ ಬಾಯಿಯೇ ಬಿಡಲಿಲ್ಲ. ಬಕೆಟ್ಟನ್ನು ಕೆಳಗೆ ಬಿಟ್ಟು ಮೇಲಕ್ಕೆ ಎಳೆಯುವುದೊಂದು ಬರುತ್ತಿತ್ತು, ಆದರೆ ಕೆಳಗೆ ಆ ಬಕೆಟ್ಟಿಗೆ ಯಾರಾದರೂ ತುಂಬಬೇಕಲ್ಲ! ಅದಕ್ಕೇ ಹಗ್ಗದಕ್ಕನ ಗಂಡ ಅಂಗಿ ಬಿಚ್ಚುತ್ತಿದ್ದದ್ದು.

"ಬರುತ್ತೆ ಅಂತೀಯೇನೇ ಪ್ರಶಸ್ತಿ?" ಅಂತ ಕೇಳಿದ ಅವನು.

"ಬರ್ದೇ ಎಲ್ಲಿಗೋಗುತ್ತೆ? ಇವತ್ತು ಬರೋ ತೀರ್ಪುಗಾರರ ಅಧ್ಯಕ್ಷಮ್ಮಂಗೆ ಹೋದ್ ವರ್ಷ ಕೊಡಿಸಿದ್ದೇ ನಮ್ ಪ್ರೊಫೆಸರ್ರು. ಆವತ್ತೂ ನಾನೇ ಕುರ್ಚಿ ಒರೆಸಿದ್ದು."

"ನಮ್ ಗುಂಡಿಗಳ ಹಾಗೇ ಅನ್ನು. ಮೇಲೆ ನೋಡಿದ್ರೆ ಬೇರೆ ಬೇರೆ ಮುಚ್ಚಳ, ಕೆಳಗೆಲ್ಲಾ ಒಂದೇ ಪೈಪು."

ಅವಳಿಗೆ ನಗು ಬಂತು. ಮೇಸ್ತ್ರಿ ಕೇಳಿದ್ದು ಇಂಥ ನಗುವನ್ನೇ ಇರಬೇಕು, ಆದರೆ ಆಗ ಅವನು ನೋಡಲಿಲ್ಲ.

ಪ್ರಶಸ್ತಿ ಬಂದರೆ ಇಬ್ಬರಿಗೂ ಕಾಯಂ ಕೆಲಸ ಅಂತ ಪ್ರೊಫೆಸರ್ ಮಾತು ಕೊಟ್ಟಿದ್ದರು. ಕಾಯಂ ಅಂದರೆ ಬೂಟು, ಕೈಗವಸು, ಕಾಯಿಲೆ ಬಿದ್ದರೆ ಆಸ್ಪತ್ರೆ. ಆ ಆಸೆಗೇ ಅವಳು ಮೈಕಿನ ಮುಂದೆ ನಿಲ್ಲಲು ಒಪ್ಪಿದ್ದು. ಗಂಡ ಇಳಿದಾಗಲೆಲ್ಲ ಅವನ ಸೊಂಟದ ಹಗ್ಗ ಹಿಡಿದು ಗುಂಡಿಯ ಅಂಚಿನಲ್ಲಿ ಕೂರುವವಳು ಅವಳು, ಅದಕ್ಕೇ ಹಗ್ಗದಕ್ಕ ಅಂತ ಹೆಸರು ಬಿದ್ದದ್ದು. ಒಂದು ಸಲ ಜಗ್ಗಿದರೆ ಬಕೆಟ್ ತುಂಬಿತು ಅಂತ. ಎರಡು ಸಲ ಜಗ್ಗಿದರೆ ನನ್ನನ್ನು ಎಳೆ ಅಂತ. ಹಗ್ಗ ಹಿಡಿದವರು ಮಾತಾಡಬಾರದು, ಯಾರು ಕರೆದರೂ ಓಗೊಡಬಾರದು. ಅವಳ ಮಾವ ಸತ್ತದ್ದು ಹಾಗೆಯೇ. ಹಗ್ಗ ಹಿಡಿದಿದ್ದವನನ್ನು ಯಾರೋ ಸಾಹೇಬರು ದಾರಿ ಕೇಳಿದ್ದರು. ಅವನು ಪಾಪ, ಮರ್ಯಾದಸ್ಥ, ಎದ್ದು ನಿಂತು ದಾರಿ ತೋರಿಸಿದ್ದ.

ಪ್ರೊಫೆಸರ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಸೆಂಟಿನ ಬಾಟಲಿ ಹಿಡಿದು, ಗಾಳಿಗೆಲ್ಲ ಪುಸ್ ಪುಸ್ ಹೊಡೆಯುತ್ತ ಬಂದರು.

"ಆ ಕಡೆ ಮುಚ್ಚಳಗಳನ್ನ ಯಾಕ್ರೀ ತೆಗ್ದಿದೀರಿ? ಗಬ್ಬು ನಾತ. ಮುಚ್ಚಿಸಿ."

"ಗಾಳಿ ಆಡ್ಲಿ ಅಂತ ಬೆಳಗ್ಗಿಂದ ತೆಗ್ದಿಟ್ಟಿದೀವಿ ಸಾರ್," ಅಂದ ಗಂಡ. "ಮುಚ್ಚಿದ್ರೆ ಕೆಳಗೆ ಉಸಿರು ಕಟ್ಟುತ್ತೆ."

"ಯಾರಿಗೆ?"

"ನನಗೆ ಸಾರ್."

ಪ್ರೊಫೆಸರ್ ಕರವಸ್ತ್ರ, ಬಾಟಲಿ ಸಮೇತ ಎರಡೂ ಕಿವಿ ಮುಚ್ಚಿಕೊಂಡರು. "ನನ್ ಹತ್ರ ಹೇಳ್ಬೇಡಪ್ಪಾ! ಕೆಳಗೆ ಯಾರಿದಾರೆ, ಏನು, ನನಗೆ ಗೊತ್ತಿರಬಾರದು. ಇದು ನಿರ್ಮಾನವ. ಯಾರೂ ಇಲ್ಲದ ಜಾಗದಲ್ಲಿ ಯಾರಿಗೆ ಉಸಿರು ಕಟ್ಟುತ್ತೆ? ಸ್ವಲ್ಪ ಯೋಚನೆ ಮಾಡಿ ಮಾತಾಡೋದು ಕಲೀರಿ."

ಮುಚ್ಚಳಗಳು ದಡ್ ದಡ್ ಅಂತ ಮುಚ್ಚಿಕೊಂಡವು. ಮೇಲೆ ಹೂಕುಂಡ ಇಟ್ಟರು.

ಹಗ್ಗ ಹಿಡಿಯುವವಳು ಮೈಕಿನ ಮುಂದೆ ಹೋದರೆ ಹಗ್ಗಕ್ಕೆ ಯಾರು? ಅದಕ್ಕೂ ಪ್ರೊಫೆಸರರ ತಲೆ ಓಡಿತ್ತು. ಹಗ್ಗದ ತುದಿಯನ್ನು ಯಂತ್ರದ ಹೆಗಲಿಗೆ ನೇತುಹಾಕಿದ್ದ ಹಿತ್ತಾಳೆ ಗಂಟೆಗೆ ಕಟ್ಟಿಸಿದರು. ಕೆಳಗೆ ಜಗ್ಗಿದರೆ ಮೇಲೆ ಢಣ್ ಅನ್ನಬೇಕು. ಬಕೆಟ್ ತುಂಬಿದ್ದು ಯಂತ್ರಕ್ಕೆ ತಾನಾಗಿಯೇ ತಿಳಿಯಿತು ಅಂತ ತೀರ್ಪುಗಾರರಿಗೆ ಹೇಳುವುದು.

"ಎರಡ್ ಸಲ ಹೊಡೆದ್ರೆ ನನ್ನ ಎಳೀಬೇಕು ಮೇಸ್ತ್ರಿ. ಮರೀಬೇಡ," ಅಂದ ಗಂಡ, ಕಾಲು ಇಳಿಬಿಡುತ್ತ.

"ಗೊತ್ತು ಹೋಗಯ್ಯಾ. ನನಗೇ ಪಾಠ ಹೇಳ್ತೀಯಾ ಸೂಳೆಮಗನೇ."

ಗಂಡ ಹೆಂಡತಿಯ ಮುಖ ನೋಡಿದ. "ಬೆಳಕು ಅನ್ನೋವಾಗ ಕೈ ಎತ್ತೋದು ಮರೀಬೇಡ ಕಣೇ," ಅಂದು ಕಣ್ಣು ಮಿಟುಕಿಸಿ ಕತ್ತಲೊಳಗೆ ಇಳಿದ.

ತೀರ್ಪುಗಾರರು ಮೂವರು ಕಾರಿನಿಂದ ಇಳಿದರು. ನಡುವೆ ಅಧ್ಯಕ್ಷಮ್ಮ. ಪ್ರೊಫೆಸರ್ ಅವರನ್ನು ಜ್ಞಾನಸಾಗರ ಅಂದರು, ಅವರು ಪ್ರೊಫೆಸರರನ್ನು ಜ್ಞಾನಶಿಖರ ಅಂದರು. ಸಾಗರ, ಶಿಖರ ಎರಡೂ ಒಂದರ ಬೆನ್ನು ಒಂದು ಕೆರೆದು ಮುಗಿಸುವ ಹೊತ್ತಿಗೆ ಅಳಿಯ ಗುರ್ ಅಂದಿತು. ಬಕೆಟ್ ಇಳಿಯಿತು. ಢಣ್! ಬಕೆಟ್ ಮೇಲೆ ಬಂತು, ತುಂಬಿತ್ತು.

"ತಾನೇ ಗ್ರಹಿಸುತ್ತದೆ, ತಾನೇ ತಿಳಿಸುತ್ತದೆ," ಅಂದರು ಪ್ರೊಫೆಸರ್. ತೀರ್ಪುಗಾರರು ಚಪ್ಪಾಳೆ ತಟ್ಟಿದರು. ಮತ್ತೆ ಢಣ್. ಮತ್ತೆ ಚಪ್ಪಾಳೆ. ಮೇಸ್ತ್ರಿ ಟ್ರೇ ಹಿಡಿದು ಅವರಿಗೆ ತಂಪು ಪಾನೀಯ ಹಂಚುತ್ತಿದ್ದ.

"ಈಗ ಫಲಾನುಭವಿ ಮಹಿಳೆಯ ಅನುಭವ ಕೇಳೋಣ," ಅಂದರು ಪ್ರೊಫೆಸರ್.

ಹಗ್ಗದಕ್ಕ ಮೈಕು ಹಿಡಿದಳು. ಹಗ್ಗವಿಲ್ಲದ ಕೈ ಅವಳಿಗೆ ಅಭ್ಯಾಸವೇ ಇಲ್ಲ. "ಈ ಯಂತ್ರ ಬಂದ ಮೇಲೆ," ಅಂದಳು, "ನನ್ನ ಗಂಡ ಗುಂಡಿಗೆ ಇಳಿಯೋದೇ ಇಲ್ಲ ಸ್ವಾಮಿ."

ಢಣ್ ಢಣ್.

ಅವಳ ಬಾಯಿ ಅಲ್ಲಿಗೇ ನಿಂತಿತು. ಮೇಸ್ತ್ರಿಯ ಕಡೆ ನೋಡಿದಳು. ಅವನು ಲೋಟ ತುಂಬುತ್ತಿದ್ದ.

ಢಣ್ ಢಣ್. ಢಣ್ ಢಣ್.

"ಅಬ್ಬಾ, ಎಂಥಾ ಚುರುಕು!" ಅಂದರು ಅಧ್ಯಕ್ಷಮ್ಮ. "ಅದಕ್ಕೂ ಈಕೆಯ ಮಾತು ಕೇಳಿ ಸಂತೋಷವಾಗಿರಬೇಕು." ಮೂವರೂ ಚಪ್ಪಾಳೆ ತಟ್ಟಿದರು. ಗಂಟೆ ಬಡಿದಷ್ಟೂ ಚಪ್ಪಾಳೆ. ಪ್ರೊಫೆಸರ್ ಮದುಮಗನ ಹಾಗೆ ತಲೆಬಾಗಿದರು.

"ಮೇಸ್ತ್ರೀ! ಎರಡು! ಎರಡು ಹೊಡೀತಾ ಇದೆ!"

"ಬೆಳಕು ಅನ್ನೇ," ಅಂತ ಮೇಸ್ತ್ರಿ ಹಲ್ಲು ಕಚ್ಚಿ ಪಿಸುಗುಟ್ಟಿದ. "ಬೆಳಕು ಅಂದು ಸಾಯಿ, ಆಮೇಲೆ ನೋಡೋಣ."

ಗಂಟೆ ನಿಂತಿತು.

ಅವಳು ಮೈಕು ಬಿಸಾಕಿದಳು. ಅದು ಕೀ ಅಂತ ಕಿರುಚಿತು. ಕುರ್ಚಿ, ಲೋಟ, ಮೇಸ್ತ್ರಿ ಎಲ್ಲವನ್ನೂ ತಳ್ಳಿಕೊಂಡು ಓಡಿ, ಗುಂಡಿಯ ಅಂಚಿಗೆ ಎರಡೂ ಕಾಲು ಊರಿಕೊಂಡು ಹಗ್ಗ ಎಳೆದಳು. ಹೆಣಭಾರ. "ಯಾರಾದ್ರೂ ಬನ್ರೋ! ನಿಮ್ ಮನೆ ಹಾಳಾಗ, ಕೈಯಿಲ್ವೇನ್ರೋ ನಿಮಗೆ!" ತೀರ್ಪುಗಾರರ ಕಾರಿನ ಡ್ರೈವರ್ ಒಬ್ಬನೇ ಓಡಿ ಬಂದ. "ಬಿಡ್ಬೇಡಿ ಅಕ್ಕಾ, ಎಳೀರಿ, ಎಳೀರಿ," ಅಂತ ಹಿಂದಿನಿಂದ ಹಿಡಿದ. ಎಳೆದಂತೆಲ್ಲ ಗಂಟೆ ಬಡಿಯಿತು. ತೀರ್ಪುಗಾರರಲ್ಲಿ ಒಬ್ಬರು ಇನ್ನೂ ಚಪ್ಪಾಳೆ ತಟ್ಟುತ್ತಲೇ ಇದ್ದರು.

ಮೊದಲು ತಲೆ ಬಂತು, ಆಮೇಲೆ ಹೆಗಲು. ಅವಳು ಅವನನ್ನು ಕಾರ್ಪೆಟ್ಟಿನ ಮೇಲೆ ಮಲಗಿಸಿ ಎದೆ ಗುದ್ದಿದಳು, ಬೈದಳು, ಮತ್ತೆ ಗುದ್ದಿದಳು. "ಏಳಯ್ಯಾ ಬೇವರ್ಸಿ, ಏಳು, ನನ್ನ ಬಿಟ್ಟು ಎಲ್ಲಿಗ್ ಹೋಗ್ತೀಯಾ." ಅವನು ಕೆಮ್ಮಿ ವಾಂತಿ ಮಾಡಿಕೊಂಡ. ಅವಳಿಗೆ ಹೋದ ಜೀವ ಬಂದಂತಾಯಿತು. ಡ್ರೈವರ್ ನೀರು ಕುಡಿಸಿದ.

ಅಧ್ಯಕ್ಷಮ್ಮ ಕುರ್ಚಿಯಿಂದಲೇ ಕೇಳಿದರು, "ಯಾರಮ್ಮಾ ಇವನು?"

"ನನ್ ಗಂಡ."

"ಹೇಗಾಗುತ್ತೆ? ನಿನ್ನ ಗಂಡ ಗುಂಡಿಗೆ ಇಳಿಯೋದೇ ಇಲ್ಲ ಅಂತ ನೀನೇ ಈಗ ಮೈಕಿನಲ್ಲಿ ಹೇಳಿದೆಯಲ್ಲ?"

"ಹೇಳಿದೆ."

"ಇವನು ಗುಂಡಿಯಿಂದ ಬಂದ ತಾನೆ?"

"ಹೂಂ."

"ಹಾಗಾದ್ರೆ ಇವನು ನಿನ್ನ ಗಂಡ ಅಲ್ಲ." ಪಕ್ಕದವರ ಮುಖ ನೋಡಿದರು. ಇಬ್ಬರೂ ಹೌದು ಅಂತ ತಲೆ ಆಡಿಸಿದರು. ತರ್ಕದಲ್ಲಿ ಲೋಪವಿರಲಿಲ್ಲ.

ಮೇಸ್ತ್ರಿ ಅವಳ ಕಿವಿಗೆ ಬಗ್ಗಿದ. "ಹೂಂ ಅನ್ನೇ. ಕಾಯಂ ಕೆಲಸ ಕಣೇ. ಇಲ್ದಿದ್ರೆ ಇಬ್ರನ್ನೂ ಇವತ್ತೇ ಗೇಟಿಂದ ಆಚೆ ಹಾಕ್ತೀನಿ."

ಪ್ರೊಫೆಸರರ ಮುಖಕ್ಕೆ ಮೆಲ್ಲಗೆ ರಕ್ತ ವಾಪಸು ಬಂತು. "ಪಾಪ, ಗಾಬರಿಯಾಗಿದ್ದಾಳೆ," ಅಂದರು. "ನಡೆದದ್ದು ಇಷ್ಟೇ. ಯಾರೋ ದಾರಿಹೋಕ ಯಾವಾಗಲೋ ಒಳಗೆ ಬಿದ್ದಿದ್ದಾನೆ. ನಮ್ಮ ನಿರ್ಮಾನವ ಅದನ್ನು ಗ್ರಹಿಸಿ ಗಂಟೆ ಬಾರಿಸಿತು. ಒಂದು ಜೀವ ಉಳಿಸಿತು!"

ಆಹಾ, ಆಗ ನೋಡಬೇಕಿತ್ತು ಸಂಭ್ರಮ! ಮೂವರೂ ಎದ್ದು ನಿಂತರು. ಜೀವರಕ್ಷಣೆಯ ಪ್ರಶಸ್ತಿ ಬೇರೆಯೇ ಇದೆ, ಅದಕ್ಕೂ ಹೆಸರು ಕಳಿಸಬೇಕು ಅಂದರು ಒಬ್ಬರು. ನಾನೇ ಕಳಿಸುತ್ತೇನೆ ಅಂದರು ಇನ್ನೊಬ್ಬರು. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಅನ್ನುವ ಹಾಗೆ, ಫೋಟೋದವನು ಎಲ್ಲರನ್ನೂ ಅಳಿಯನ ಪಕ್ಕ ನಿಲ್ಲಿಸಿದ.

"ನೀವೂ ಆ ಹಗ್ಗ ಕಟ್ಟಿಕೊಂಡು ನಿಲ್ಲಿ ಪ್ರೊಫೆಸರ್," ಅಂದರು ಅಧ್ಯಕ್ಷಮ್ಮ. "ದುಡಿಯುವವರ ಜೊತೆ ನಿಂತ ವಿಜ್ಞಾನಿ ಅಂತ ಕಾಣುತ್ತೆ. ಮುಖಪುಟಕ್ಕೆ ಚೆನ್ನಾಗಿರುತ್ತೆ."

ಪ್ರೊಫೆಸರರ ಮೂಗು ಸೊಟ್ಟಗಾಯಿತು. ಆದರೆ ಅಧ್ಯಕ್ಷೆಯ ಮಾತು ತೆಗೆದುಹಾಕುವುದುಂಟೆ? "ಆಗಲಿ. ಬಾಮ್ಮಾ, ನೀನೇ ಕಟ್ಟು. ಸಹಜವಾಗಿರಲಿ," ಅಂತ ಎರಡೂ ಕೈ ಎತ್ತಿ ನಿಂತರು.

ಹಗ್ಗದಕ್ಕ ಗಂಡನ ಸೊಂಟದಿಂದ ಕುಣಿಕೆ ಬಿಚ್ಚಿದಳು. ಅವನು ಅವಳ ಕೈ ಹಿಡಿದ. "ಏನ್ ಮಾಡ್ತೀಯೇ?" ಅವಳು ಕೈ ಬಿಡಿಸಿಕೊಂಡಳು. ಪ್ರೊಫೆಸರರ ಕೋಟಿನ ಮೇಲೆ ಹಗ್ಗ ಎರಡು ಸುತ್ತು ತಂದು ಗಂಟು ಹಾಕಿದಳು. ಎಳೆದಷ್ಟೂ ಬಿಗಿಯುವ ಗಂಟು. ಮೇಲಿನವರು ಬಿಚ್ಚಬೇಕೇ ಹೊರತು ಕಟ್ಟಿಕೊಂಡವರಿಗೆ ಬಿಚ್ಚಲು ಬರುವುದಿಲ್ಲ. ಫೋಟೋದವನು ಚಕ್ ಚಕ್ ಅನ್ನಿಸಿದ.

"ಮುಗೀತಲ್ಲ, ಬಿಚ್ಚಮ್ಮಾ," ಅಂದರು ಪ್ರೊಫೆಸರ್.

"ಬಕೆಟ್ ಕೆಳಗೇ ಉಳ್ಕೊಂಡಿದೆ ಸಾರ್," ಅಂದಳು ಅವಳು. "ಇಳೀರಿ. ಕೆಳಗೆ ಯಾರೂ ಇಲ್ವಲ್ಲ, ಉಸಿರೇನ್ ಕಟ್ಟಲ್ಲ. ತುಂಬಿದ್ರೆ ಒಂದ್ ಸಲ ಜಗ್ಗಿ. ಎಳೀಬೇಕು ಅಂದ್ರೆ ಎರಡ್ ಸಲ."

ಅಷ್ಟು ಹೇಳಿ ಗುಂಡಿಯ ಅಂಚಿನಲ್ಲಿ ಕೂತಳು. ತುದಿ ಇನ್ನೂ ಗಂಟೆಯಲ್ಲೇ ಇದ್ದ ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡಳು, ಕಾಲನ್ನು ಅಂಚಿಗೆ ಊರಿದಳು.

"ಏಯ್, ಬಿಡೇ! ಬಿಡೇ ಹಾದರಗಿತ್ತಿ!" ಮೇಸ್ತ್ರಿ ಅವಳ ಜುಟ್ಟು ಹಿಡಿಯಲು ಬಂದ. ಕಾರ್ಪೆಟ್ಟಿನ ಮೇಲೆ ಮಲಗಿದ್ದ ಗಂಡ ಕೈ ಚಾಚಿ ಅವನ ಕಾಲು ಹಿಡಿದುಕೊಂಡ. ಡ್ರೈವರ್ ಅಡ್ಡ ನಿಂತ. ಅಧ್ಯಕ್ಷಮ್ಮ ಏನೋ ಕೇಳಿದರು. ಪ್ರೊಫೆಸರ್ ಅಮ್ಮಾ ಅಂದರು, ತಾಯಿ ಅಂದರು, ಕಾಯಂ ಮಾಡ್ತೀನಿ ಅಂದರು, ಪೊಲೀಸ್ ಅಂದರು. ಅವಳು ಯಾರಿಗೂ ಓಗೊಡಲಿಲ್ಲ. ಹಗ್ಗ ಹಿಡಿದವರು ಮಾತಾಡಬಾರದು.

ಪ್ರೊಫೆಸರ್ ಹಿಂದಕ್ಕೆ ಜಗ್ಗಿದರು. ಢಣ್ ಢಣ್. ಮತ್ತೆ ಜಗ್ಗಿದರು. ಢಣ್ ಢಣ್. ಚಪ್ಪಾಳೆ ತಟ್ಟಿ ತಟ್ಟಿ ಅಭ್ಯಾಸವಾಗಿದ್ದ ಆ ಒಬ್ಬ ತೀರ್ಪುಗಾರರು, ಪಾಪ, ಮತ್ತೆ ತಟ್ಟತೊಡಗಿದರು.