ಅಚ್ಚಿಗೆ ಒಗ್ಗದ ಕಮರಿ

ಬೆಟ್ಟದ ನಾಡಿನ ಶಾಲೆಗಳಿಗೆ ಹೋಗಬೇಕಾಗಿದ್ದ ಕಲಿಕೆಯ ಪೆಟ್ಟಿಗೆಯಲ್ಲಿ ಮಿಕ್ಕಿದ್ದೆಲ್ಲ ತುಂಬಿಯಾಗಿತ್ತು. ಹಳೆಯ ಕಾಲುದಾರಿಗಳ ನಕ್ಷೆ, ಕಲ್ಲುಮನೆಗಳ ಚಿತ್ರಪಟ, ಉಣ್ಣೆ ನೂಲುವ ಕದಿರು, ಮುದುಕರ ಬಾಯಿಂದ ಕೇಳಿ ಬರೆದ ಕೈಪಿಡಿ. ಉಳಿದದ್ದು ಮಾದರಿ ಮಾತ್ರ. ಮಕ್ಕಳು ಕೈಯಾಡಿಸಿ ತಮ್ಮ ಬೆಟ್ಟಸಾಲನ್ನು ತಿಳಿಯಲೆಂದು ಪ್ಲಾಸ್ಟರಿನಲ್ಲಿ ಎರಕ ಹೊಯ್ದ, ಊಟದ ತಟ್ಟೆಯಷ್ಟು ಅಗಲದ ಮಾದರಿ.

ಪೆಟ್ಟಿಗೆಯ ಹೊಣೆ ಹೊತ್ತವಳು ಒಬ್ಬ ಟೀಚರಮ್ಮ. ಒಂದು ಸಾಲು ಬರೆದರೆ ಮೂರು ಸಲ ಓದುವವಳು, ಮೂರನೆಯ ಸಲ ಓದಿ ಹೊಡೆದುಹಾಕುವವಳು. ಕಡ್ಡಿಯನ್ನು ಗುಡ್ಡ ಮಾಡುವ ನಿನಗೆ ಸರಿಯಾದ ಕೆಲಸವನ್ನೇ ಕೊಟ್ಟಿದ್ದಾರೆ ಎಂದು ಗಂಡ ನಗುತ್ತಿದ್ದ. ಅವಳೂ ನಗುತ್ತಿದ್ದಳು, ಆದರೆ ಮಾದರಿಯ ವಿಷಯದಲ್ಲಿ ಮಾತ್ರ ನಗು ಬರುತ್ತಿರಲಿಲ್ಲ.

ಕಾರಣ ಅವಳ ಅತ್ತೆ. ಅತ್ತೆ ಹುಟ್ಟಿ ಬೆಳೆದದ್ದು, ಮದುವೆಯಾದದ್ದು, ಎಲ್ಲ ಆ ಬೆಟ್ಟಸಾಲಿನ ಒಂದು ಕಮರಿಯಲ್ಲಿ. ಎರಡು ಕಡಿದಾದ ಗೋಡೆಗಳ ನಡುವೆ ಹತ್ತಾರು ಮನೆಗಳ ಊರು. ಕೈಪಿಡಿಯ ಅರ್ಧ ಅತ್ತೆಯ ಬಾಯಿಂದಲೇ ಬಂದಿತ್ತು: ಗೋಡೆಗೆ ಕಲ್ಲು ಕೂರಿಸುವ ಬಗೆ, ಮಂಜಿನಲ್ಲಿ ದಾರಿ ತಪ್ಪಿದವರು ಕೂಗಬೇಕಾದ ಕೂಗು, ಮೇಕೆ ಕಟ್ಟುವ ಗಂಟು. ಈಗ ಅತ್ತೆಯ ಕಣ್ಣು ಪೂರ್ತಿ ಹೋಗಿತ್ತು. ಚಿತ್ರ ತೋರಿಸಿ ಉಪಯೋಗವಿಲ್ಲ. ಮಾದರಿಯ ಮಾತು ಬಂದ ದಿನ ಅವರು ಒಂದೇ ಒಂದು ಕೇಳಿದ್ದರು, ನಮ್ಮ ಕಮರಿ ಇರುತ್ತಾ ಅದರಲ್ಲಿ ಎಂದು. ಇರುತ್ತೆ ಅತ್ತೆ, ನಿಮ್ಮ ಬೆರಳಿಗೆ ಸಿಗೋ ಹಾಗೆ ಮಾಡಿಸ್ತೀನಿ ಎಂದು ಟೀಚರಮ್ಮ ಮಾತು ಕೊಟ್ಟಿದ್ದಳು.

ಕಮರಿ ಇರಲಿಲ್ಲ.

ತಪ್ಪು ಯಾರದೂ ಅಲ್ಲ, ಕೆಲಸದ್ದು. ಇಂಥ ಮಾದರಿಯಲ್ಲಿ ಎತ್ತರವನ್ನು ಎರಡು ಮೂರು ಪಟ್ಟು ಹಿಗ್ಗಿಸದಿದ್ದರೆ ಬೆಟ್ಟ ಬೆಟ್ಟದಂತೆ ತೋರುವುದಿಲ್ಲ, ಮಡಿಸಿಟ್ಟ ಕಂಬಳಿಯಂತೆ ಬಿದ್ದಿರುತ್ತದೆ. ಹಿಗ್ಗಿಸಿದರೆ ಕಮರಿಯೂ ಅಷ್ಟೇ ಆಳವಾಗಿ, ಚಾಕುವಿನಿಂದ ಸೀಳಿದಂತಾಗುತ್ತದೆ. ಆಗ ಅಚ್ಚಿನೊಳಗೆ ಆ ಜಾಗದಲ್ಲಿ ರಬ್ಬರಿನ ತೆಳು ನಾಲಗೆಯೊಂದು ಎದ್ದು ನಿಲ್ಲುತ್ತದೆ. ಗಟ್ಟಿಯಾದ ಪ್ಲಾಸ್ಟರನ್ನು ಬಿಡಿಸುವಾಗ ನಾಲಗೆ ಹರಿಯುತ್ತದೆ. ಅಚ್ಚು ಮಾಡುವಾತ ಹಳೆಯ ಕಸುಬುದಾರ. ಜೇಡಿಮಣ್ಣಿನ ಮೂಲ ಮಾದರಿಯನ್ನು ಮುಂದಿಟ್ಟು, ಇಷ್ಟು ಸಣ್ಣ ಸಂದು ಅಚ್ಚಿಗೆ ಒಗ್ಗೋದಿಲ್ಲ ಮೇಡಂ, ಎಲ್ಲರೂ ತುಂಬೇಬಿಡ್ತಾರೆ ಎಂದ. ಪೆಟ್ಟಿಗೆಗಳನ್ನು ಶಾಲೆಗಳಿಗೆ ಒಯ್ಯಲು ಇಲಾಖೆಯ ಸಾಹೇಬರ ವ್ಯಾನು ಸೋಮವಾರಕ್ಕೆ ನಿಗದಿಯಾಗಿತ್ತು. ಟೀಚರಮ್ಮ ಹೂಂ ಎಂದಳು. ಅವನು ಚಿಟಿಕೆ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ, ನೀರು ಮುಟ್ಟಿಸಿ ಸವರಿದ. ಊರು ತುಂಬಲು ಅಷ್ಟೇ ಸಾಕಾಯಿತು.

ಅಂದಿನಿಂದ ದಿನಾ ಅತ್ತೆಗೆ ಹೇಳಬೇಕೆಂದು ಬಾಯಿ ತೆರೆಯುವಳು, ಸಾರಿಗೆ ಉಪ್ಪು ಸಾಕಾ ಎಂದು ಕೇಳುವಳು. ಶನಿವಾರ ಅತ್ತೆಯೇ ಸೆರಗು ಸರಿಮಾಡಿಕೊಂಡು ಬಾಗಿಲ ಬಳಿ ನಿಂತರು. ಪೆಟ್ಟಿಗೆ ಹೊರಡುವ ಮುಂಚೆ ಒಂದು ಸಲ ಮುಟ್ಟಿ ಬರಬೇಕು, ಕರೆದುಕೊಂಡು ಹೋಗು ಎಂದರು. ತಪ್ಪಿಸುವ ದಾರಿ ಇರಲಿಲ್ಲ.

ಎರಕದ ಕೋಣೆಯಲ್ಲಿ ಹಸಿ ಸುಣ್ಣದಂಥ ವಾಸನೆ. ಒಣಗಿದ ಮಾದರಿಗಳು ಹಲಗೆಗಳ ಮೇಲೆ ಸಾಲಾಗಿ ಮಲಗಿದ್ದವು. ಅಚ್ಚಿನವನು ಕೈಯನ್ನು ಅಂಗಿಗೆ ಒರೆಸಿಕೊಂಡು, ಸ್ಟೂಲಿನ ಮೇಲಿನ ಪುಡಿಯನ್ನು ಊದಿ, ಅತ್ತೆಯನ್ನು ಕೂರಿಸಿದ. ಒಂದು ಮಾದರಿಯನ್ನು ಅವರ ಮಡಿಲಿಗೆ ಇಟ್ಟ.

ಅತ್ತೆ ಎರಡೂ ಅಂಗೈಗಳನ್ನು ಅದರ ಮೇಲೆ ಚಾಚಿ ಸವರಿದರು.

"ದೂರದ ಬೆಟ್ಟ ನುಣ್ಣಗೆ ಅಂತಾರೆ. ನಿಂದು ಹತ್ತಿರದಿಂದ್ಲೂ ನುಣ್ಣಗೇ ಇದೆಯಲ್ಲಪ್ಪ."

"ಉಪ್ಪುಕಾಗದ ಹಾಕಿ ಉಜ್ಜಿದೀನಿ ಅಮ್ಮ. ಮಕ್ಕಳ ಕೈ ಗೀರಬಾರದಲ್ಲ."

"ನಮ್ಮ ಮಂಡಿ ಗೀರಿದಾಗ ಎಲ್ಲಿದ್ಯೋ ನೀನು," ಎಂದರು ಅತ್ತೆ. ಅವನು ನಕ್ಕ.

ಅತ್ತೆಯ ಬೆರಳು ಎರಡು ಕೋಡಿನ ಶಿಖರ ಹುಡುಕಿತು, ಅಲ್ಲಿಂದ ಜಾರಿ ಹೊಳೆಯ ತಿರುವಿಗೆ ಬಂತು. ತಿರುವಿನಿಂದ ಮೇಲಕ್ಕೆ, ದಿನಾ ನಡೆದ ದಾರಿಯೇನೋ ಎಂಬಂತೆ, ತಡವರಿಸದೆ ಹತ್ತಿತು. ಹತ್ತಿ ನಿಂತಿತು. ನಿಂತ ಜಾಗವನ್ನು ಒಮ್ಮೆ ಸವರಿ, ಮತ್ತೊಮ್ಮೆ ಸವರಿ, ಬೆರಳು ಅಲ್ಲೇ ಉಳಿಯಿತು.

ಟೀಚರಮ್ಮ ಹೇಳಿಬಿಡೋಣವೆಂದು ಹತ್ತಿರ ಬಂದಳು. ಅಷ್ಟರಲ್ಲಿ ಅತ್ತೆಯೇ ಮಾತಾಡಿದರು.

"ಸರಿಯಾಗಿದೆ. ಹೀಗೇ ಇತ್ತು. ಬೆಳಗಾದ ಮೇಲೆ ತಿರುಗಿ ನೋಡಿದ್ವಿ, ಕಮರಿ ಇರ್ಲಿಲ್ಲ. ಗುಡ್ಡ ಬಂದು ತುಂಬಿಬಿಟ್ಟಿತ್ತು. ಯಾರೋ ಕೈಯಲ್ಲಿ ಸವರಿಟ್ಟ ಹಾಗೆ."

ಆಮೇಲೆ, ಮಾದರಿಯಿಂದ ಕೈ ಎತ್ತದೆ, ಇಷ್ಟು ವರ್ಷ ಹೇಳದಿದ್ದುದನ್ನು ಹೇಳಿದರು. ಆ ರಾತ್ರಿ ಗುಡ್ಡದ ಮಣ್ಣು ಗುಡುಗಿದಾಗ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ತಾವು ಮೇಲಿನ ದಾರಿ ಹಿಡಿದದ್ದು. ತಂಗಿ ಜೊತೆಗೇ ಬಂದವಳು, ಮೇಕೆಗಳ ಹಗ್ಗ ಬಿಚ್ಚಿಲ್ಲವೆಂದು ಅರ್ಧ ದಾರಿಯಿಂದ ಮರಳಿದ್ದು. ಬೇಗ ಬಾ ಎಂದು ತಾವೇ ಕಳುಹಿಸಿದ್ದು. ಅವಳು ಮತ್ತೆ ಬಾರದೇ ಹೋದದ್ದು. ಆ ಮಗುವೇ ಟೀಚರಮ್ಮನ ಗಂಡ. ಅವನಿಗೂ ಇದು ಗೊತ್ತಿರಲಿಲ್ಲ. ಗುಡ್ಡ ಕುಸಿದದ್ದಕ್ಕೆ ಜನ ಊರು ಬಿಟ್ಟು ಬಯಲಿಗಿಳಿದರು ಎಂದಷ್ಟೇ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಟೀಚರಮ್ಮ ಕೈಪಿಡಿಯಲ್ಲಿ ಬರೆದದ್ದೂ ಅಷ್ಟೇ.

"ಯಾರು ಹೇಳಿದ್ರೇ ನಿನಗೆ?" ಎಂದು ಅತ್ತೆ ಕೇಳಿದರು. "ನಾನಂತೂ ಹೇಳಿಲ್ಲ. ಇಷ್ಟು ಚೆನ್ನಾಗಿ ತಿಳ್ಕೊಂಡಿದೀಯ."

ಅಚ್ಚಿನವನು ತಲೆಯೆತ್ತಿ ಟೀಚರಮ್ಮನತ್ತ ನೋಡಿದ. ಸುಮ್ಮನಿದ್ದುಬಿಡಿ ಎಂದು ಅವನ ಕಣ್ಣು ಹೇಳುತ್ತಿತ್ತು. ಸುಮ್ಮನಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಕೊಟ್ಟ ಮಾತು ಉಳಿದಂತೆ, ವ್ಯಾನು ಸೋಮವಾರ ಹೊರಟಂತೆ, ಅತ್ತೆಯ ಕಣ್ಣಲ್ಲಿ ತಾನು ದೊಡ್ಡವಳಾದಂತೆ. ಕೇಳುವವರು ಯಾರು?

"ಯಾರೂ ಹೇಳಿಲ್ಲ ಅತ್ತೆ," ಎಂದಳು. "ಸಂದು ಇದ್ರೆ ಅಚ್ಚು ಹರಿಯುತ್ತೆ ಅಂತ ತುಂಬಿಸಿದ್ವಿ. ನಾನೇ ಹೂಂ ಅಂದೆ. ನಿಮಗೆ ಹೇಳೋಕೆ ಬಾಯಿ ಬರ್ಲಿಲ್ಲ."

ಅತ್ತೆ ಕೈಯನ್ನು ಮಾದರಿಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಅನುಕೂಲಕ್ಕೆ," ಎಂದರು.

"ಹೂಂ. ಅನುಕೂಲಕ್ಕೆ."

ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅತ್ತೆ ಬೈಯಲಿಲ್ಲ. ಟೀಚರಮ್ಮ ಕೊನೆಗೆ, ಎಲ್ಲ ಮಾದರಿಗಳಲ್ಲೂ ಕಮರಿ ಕೊರೆಸುತ್ತೇನೆ, ಸಾಹೇಬರು ಏನೆಂದರೂ ಅನ್ನಿಸಿಕೊಳ್ಳುತ್ತೇನೆ ಎಂದಳು. ಅತ್ತೆ ಬೇಡವೆಂದು ತಲೆಯಾಡಿಸಿದರು.

"ಕಮರಿ ಕೊರೆದ್ರೆ ಅದು ಈಗ್ಲೂ ಇದೆ ಅನ್ಕೊಳ್ತಾರೆ ಮಕ್ಕಳು. ಹೀಗೇ ಬಿಟ್ರೆ ಅಲ್ಲೇನೂ ಇರ್ಲೇ ಇಲ್ಲ ಅನ್ಕೊಳ್ತಾರೆ. ಎರಡೂ ಸುಳ್ಳೇ ಕಣೇ. ಓದಿದೋಳು ನೀನು, ನೀನೇ ಹೇಳು."

ಟೀಚರಮ್ಮ ಮಾದರಿಯನ್ನು ಅತ್ತೆಯ ಮಡಿಲಿಂದ ಎತ್ತಿಕೊಂಡಳು. ಕೈಪಿಡಿಗೆ ಒಂದು ಪುಟ ಸೇರಿಸಬಹುದು, ಆದರೆ ಪುಟವನ್ನು ಬೆರಳಿನಿಂದ ಓದಲಾಗದು. ಅಲ್ಲಿ ಏನಿತ್ತು, ಆಮೇಲೆ ಏನಾಯಿತು, ಎರಡೂ ಗೊತ್ತಾಗಬೇಕು ಎಂದು ಅವಳು ತನಗೇ ಎಂಬಂತೆ ಗೊಣಗಿದಳು. ಅಚ್ಚಿನವನು ಕಿವಿಯ ಹಿಂದೆ ಕೆರೆದುಕೊಂಡ. ಎರಡೂ ಬೇಕಾದರೆ ತುಂಡೂ ಎರಡು ಬೇಕು ಎಂದ. ಕಮರಿಯನ್ನು ಕೈಯಲ್ಲಿ ಕೊರೆಯುವುದು, ತುಂಬಿದ ಭಾಗವನ್ನು ಬೇರೆಯೇ ಹೊಯ್ಯುವುದು, ಮಕ್ಕಳು ತೆಗೆದು ಹಾಕಲಿ. ಸೋಮವಾರಕ್ಕಂತೂ ಆಗದು. ಟೀಚರಮ್ಮ ಅಲ್ಲೇ ನಿಂತು ಸಾಹೇಬರಿಗೆ ಫೋನು ಮಾಡಿದಳು. ಆ ಕಡೆಯಿಂದ ಬಂದ ಮಾತು ಕೋಣೆಗೆಲ್ಲ ಕೇಳುವಷ್ಟಿತ್ತು. ಅವಳು ಎಲ್ಲವನ್ನೂ ಕೇಳಿಸಿಕೊಂಡು, ವ್ಯಾನು ಎರಡು ವಾರ ಬಿಟ್ಟು ಬರಲಿ ಸಾರ್ ಎಂದಳು.

ವಾರದ ಕೊನೆಗೆ ಮೊದಲ ಮಾದರಿ ಸಿದ್ಧವಾಯಿತು. ಅಚ್ಚಿನವನು ಅದನ್ನು ಮನೆಗೇ ತಂದು ಅತ್ತೆಯ ಮುಂದಿಟ್ಟ. ಕಮರಿಯಲ್ಲಿ ಕೂತಿದ್ದ ತುಂಡನ್ನು ಅವರೇ ಉಗುರಿನಿಂದ ಎಬ್ಬಿಸಿದರು. ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಅದನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಕಿರುಬೆರಳಿನ ತುದಿಯನ್ನು ತೆರೆದ ಸಂದಿಗೆ ಇಳಿಸಿದರು. ಬೆರಳು ತಳ ಮುಟ್ಟಿತು. ಅಲ್ಲೇ ಮೆಲ್ಲಗೆ ಮುಂದಕ್ಕೆ ಹೋಗಿ, ಒಂದು ಕಡೆ ನಿಂತು, ಇನ್ನೊಂದು ಕಡೆ ತಿರುಗಿತು.

ತುಂಡು ಹೇಗೆ ಕೂರುತ್ತದೆ ನೋಡಬೇಕು, ಮತ್ತೆ ಹಾಕಿ ನೋಡಿ ಅಮ್ಮ ಎಂದ ಅಚ್ಚಿನವನು. ಬಿಗಿಯಾದರೆ ಉಜ್ಜಬೇಕಿತ್ತು.

ಅತ್ತೆ ಎಡಗೈಯನ್ನು ಇನ್ನಷ್ಟು ಬಿಗಿದರು.

"ಇರ್ಲಿ ಇರಪ್ಪ," ಎಂದರು. "ಇನ್ನೊಂದ್ ಸ್ವಲ್ಪ ಹೊತ್ತು ಹೀಗೇ ಇರ್ಲಿ."

ಟೀಚರಮ್ಮ ಅವನಿಗೆ ಕೂರಲು ಕುರ್ಚಿ ಎಳೆದಳು.